ಸೋಲಬೇಕಿದ್ದ ಪಂದ್ಯ

ಪಿಟ್ಸ್‌ಬರ್ಗ್
ಮೇ 16, ಶುಕ್ರವಾರ

ಮುದ್ದು ಡೆಲ್ರಾಯ್,

ಹೇಗಿದ್ದೀಯ ಕಂದಾ? ಲೂಥರ್ ಮಾವನ ಆ ಕಾಡುಮನೆಯಲ್ಲಿ ಒಲೆ ಸರಿಯಾಗಿ ಉರಿಯುತ್ತಿದೆಯೇ? ಮಿಶಿಗನ್ನಿನ ಆ ತುದಿಯಲ್ಲಿ ಮೇ ತಿಂಗಳಲ್ಲೂ ಚಳಿ ಬಿಡುವುದಿಲ್ಲ. ಪಾದದ ನೋವಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಮೂರು ಹೊತ್ತೂ ಡಬ್ಬದ ಬೀನ್ಸ್ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನಾನು ಗಟ್ಟಿಯಾಗಿದ್ದೇನೆ. ನೀನು ಫೋನ್ ಆರಿಸಿ ಕೂತಿರುವುದರಿಂದ ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯ, ಅದೊಂದೇ ಸಿಟ್ಟು.

ಸೋಮವಾರ ಡ್ರಾಫ್ಟ್ ಲಾಟರಿ ಎತ್ತಿದರು. ಹೊಸ ಹುಡುಗರನ್ನು ಆರಿಸಿಕೊಳ್ಳಲು ನಮ್ಮ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಏಳನೇ ಸರದಿ ಬಂತು. ಬಂದ ಹಾಗೆಯೇ ಒಮಾಹಾದವರ ಪಾಲಾಯಿತು. ಈ ವ್ಯವಹಾರ ನನಗೆ ಅರ್ಥವಾದದ್ದೇ ಈ ವರ್ಷ. ಚರ್ಚಿನ ಊಟದ ಸಾಲಿನಲ್ಲಿ ನಾನು ಪಕ್ಕದ ಮನೆ ಲವಿನಿಯಾಗೆ, ನಿನ್ನ ಆಲೂ ಸಲಾಡ್ ನನಗೆ ಕೊಡು, ನನ್ನ ಜಾಗ ನೀನು ತಗೋ ಎಂದ ಹಾಗೆ. ಆದರೆ ಒಂದು ಷರತ್ತು: ಕೋಳಿ ತೊಡೆ ಖಾಲಿಯಾಗುವ ಮುಂಚಿನ ಜಾಗ ಸಿಕ್ಕಿದರೆ ನಾನೇ ನಿಲ್ಲುತ್ತೇನೆ, ಹಿಂದೆ ಸಿಕ್ಕಿದರೆ ನಿನಗೆ. ಮಂಡಿ ಸವೆದ ಆ ಏಳಡಿ ಆಟಗಾರನನ್ನು ಒಮಾಹಾದಿಂದ ತರುವಾಗ ನಮ್ಮವರು ಹೀಗೇ ಬರೆದುಕೊಟ್ಟಿದ್ದರು. ಮೊದಲ ಆರರೊಳಗೆ ಬಂದರೆ ನಮ್ಮದು, ಆಚೆ ಹೋದರೆ ಅವರದು. ಹೆಚ್ಚು ಸೋತವರಿಗೆ ತಾನೇ ಮುಂದಿನ ಸರದಿ? ಹಾಗಾಗಿ ಊರಿಗೆ ಊರೇ ಸೋಲಲಿ ಎಂದು ಹರಸಿಕೊಂಡು ಕೂತಿತ್ತು. ಆ ಕೊನೆಯ ಪಂದ್ಯಕ್ಕೆ ಕೋಚ್ ನಿಮ್ಮಂಥ ಬೆಂಚ್ ಕಾಯುವ ಹುಡುಗರನ್ನು ಇಳಿಸಿದ್ದೂ ಅದಕ್ಕೇ. ಗೆಲ್ಲಬೇಡಿ ಎಂದು ನಿಮಗೆ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನೀನು ಎಡ ಮೂಲೆಯಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದು ನಾವು ಗೆದ್ದುಬಿಟ್ಟೆವು. ಎಸೆದವನು ಚೆಂಡಿನತ್ತ ನೋಡಲೂ ಇಲ್ಲ, ತಿರುಗಿ ಓಡಿದೆ. ಅದನ್ನು ಕಲಿಸಿದವರು ಯಾರು ಹೇಳು? ಚರ್ಚಿನ ಹಿಂದಿನ ಅಂಗಳದಲ್ಲಿ ನಿನ್ನ ತಾತ, "ಬಿಟ್ಮೇಲೆ ಚೆಂಡು ನಿಂದಲ್ಲ ಕಣೋ, ಓಡು!" ಎಂದು ಕಿರುಚುತ್ತಿದ್ದುದು ನನ್ನ ಅಡುಗೆಮನೆಗೇ ಕೇಳುತ್ತಿತ್ತು. ಅದೇ ಮನುಷ್ಯ ಆ ದಿನ ಫೋನಿನಲ್ಲಿ, "ವರ್ಷವೆಲ್ಲಾ ಬೆಂಚ್ ಬಿಸಿ ಮಾಡ್ದೋನಿಗೆ ಇವತ್ತೇ ಗೆಲ್ಬೇಕಿತ್ತೇನೋ? ಒಂದ್ ಪಂದ್ಯ ಸೋಲೋಕೂ ಬರಲ್ವಾ ನಿಂಗೆ?" ಎಂದುಬಿಟ್ಟರು. ಬೀದಿಯವರು ಬೈದದ್ದನ್ನು ನೀನು ಕಿವಿಗೆ ಹಾಕಿಕೊಳ್ಳುವವನಲ್ಲ, ಈ ಮಾತು ನಿನ್ನನ್ನು ಅಷ್ಟು ದೂರ ಓಡಿಸಿತೆಂದು ನನಗೆ ಗೊತ್ತು. ಇನ್ನು ಆಡುವುದೇ ಇಲ್ಲ ಎಂದು ಲೂಥರನ ಹತ್ತಿರ ಹೇಳಿದೆಯಂತೆ.

ಲಾಟರಿ ಮುಗಿದ ಮೇಲೆ ನಾನು ಸುಮ್ಮನಿರಲಿಲ್ಲ. "ಸರದಿ ಈ ವರ್ಷ ನಮಗೇ ಉಳಿದಿದ್ರೂ ಬರೋ ವರ್ಷದ್ದು ಒಮಾಹಾಗೆ ಕೊಡ್ಲೇಬೇಕಿತ್ತು, ಷರತ್ತಲ್ಲೇ ಹಾಗಿದೆ. ನಮ್ ಹುಡುಗ ಏನ್ರೀ ಕಳ್ದ?" ಎಂದೆ. ತಾತ ಎದ್ದು ಗ್ಯಾರೇಜಿಗೆ ಹೋದರು. ಬುಧವಾರ ನಾನು ಚರ್ಚಿನಿಂದ ಬೇಗ ಬಂದೆ ನೋಡು, ಟಿವಿಯಲ್ಲಿ ನಿನ್ನ ಎಸೆತವನ್ನೇ ತಿರುತಿರುಗಿ ಹಾಕಿಕೊಂಡು ಕೂತಿದ್ದಾರೆ! ನನ್ನನ್ನು ಕಂಡವರೇ ಹವಾಮಾನಕ್ಕೆ ತಿರುಗಿಸಿದರು. ಕಣ್ಣು ಕೆಂಪಗಿತ್ತು. ನಾನೂ ಕಾಣದವಳಂತೆ ಒಳಗೆ ಹೋದೆ.

ಆಡುವುದು ಬಿಡುವುದು ನಿನಗೆ ಸೇರಿದ್ದು. ಬಿಟ್ಟರೂ ನೀನು ನನ್ನ ಮೊಮ್ಮಗನೇ. ಆದರೆ ಗೆದ್ದದ್ದಕ್ಕೆ ನಾಚಿಕೊಂಡು ಮಾತ್ರ ಬಿಡಬೇಡ ಮಗನೇ.

ದೇವರು ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಡಲಿ. ಲೂಥರನಿಗೆ ನನ್ನ ನೆನಪು ಹೇಳು.

ನಿನ್ನ ಅಜ್ಜಿ,
ವರ್ಲೀನ್

ಇನ್ನೊಂದು ಮಾತು: ಲಕೋಟೆಗೆ ಅಂಚೆಚೀಟಿ ಹಚ್ಚುವಷ್ಟರಲ್ಲಿ ತಾತ ಬಂದು, "ಆ ಕಾಡಿಗೆ ಅಂಚೆ ಯಾವಾಗ್ ಹೋಗುತ್ತೋ ಏನೋ, ಕೊಡಿಲ್ಲಿ" ಎಂದು ಕೈಚಾಚಿ ನಿಂತಿದ್ದಾರೆ. ಕಾರು ಆಗಲೇ ಗುರುಗುಡುತ್ತಿದೆ. ಈ ಕಾಗದ ನಿನ್ನ ಕೈಗೆ ಕೊಟ್ಟವರು ಅವರೇ. ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಮೀನು ಹಿಡಿಯಲು ಬಂದೆ ಎನ್ನುತ್ತಾರೆ. ಗಾಳ ಇಲ್ಲೇ ಬಿಟ್ಟು ಹೊರಟಿದ್ದಾರೆ. ಓದುತ್ತಾ ನಿಂತಿರಬೇಡ ಕಂದಾ, ಮೊದಲು ಅವರನ್ನು ಒಳಗೆ ಕರೆ.