ನಡುದಾರಿಯ ಕಾಟೇಜ್

ನೋವೈ
ಸೆಪ್ಟೆಂಬರ್ 14, 2025

ಪ್ರೀತಿಯ ಛಾಯಾ,

ನಿನಗೂ ಮನೋಹರ್ ಅವರಿಗೂ ನೀಲಕ್ಕನ ಶರಣು. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ ಎಂದು ಮುನಿಸಿಕೊಳ್ಳಬೇಡ. ಫೋನಿನಲ್ಲಿ ನೀನು ಬಾಯಿ ತೆರೆದರೆ ನನ್ನ ಸರದಿ ಬರುವುದರೊಳಗೆ ನಿನ್ನ ಒಲೆಯ ಮೇಲಿನ ಸಾರು ಉಕ್ಕಿರುತ್ತದೆ. ಅದಕ್ಕೇ ಈ ಕಾಗದ, ಅದೂ ತಡವಾಗಿ.

ಕಾಟೇಜಿನ ಕೀಲಿಕೈ ನಿನ್ನೆ ಶನಿವಾರ, ಅದನ್ನು ಕೊಂಡ ಮಾರ್ಥಾಳಿಗೆ ಕೊಟ್ಟು ಬಂದೆ. ಸೌತ್ ಹೇವನ್ನಿನ ಆ ಪುಟ್ಟ ಮರದ ಮನೆ ಇನ್ನು ನಮ್ಮದಲ್ಲ. ಸ್ಕೋಕಿಯಿಂದ ನೀವು, ನೋವೈಯಿಂದ ನಾವು, ನಡುದಾರಿಯಲ್ಲಿ ಸೇರಲೆಂದು ಎರಡೂ ಮನೆಯವರು ಕೂಡಿ ಕೊಂಡದ್ದು. ಮಾರೋಣವೆಂದು ಮೊದಲು ಅಂದವಳು ನಾನೇ. ಜನವರಿಯಲ್ಲಿ ನಮ್ಮ ಯಜಮಾನರು ಹೋದ ಮೇಲೆ, ಚಳಿಗೆ ಹೆಪ್ಪುಗಟ್ಟಿ ಒಡೆಯದಂತೆ ಪೈಪಿನ ನೀರು ಖಾಲಿ ಮಾಡಿ ಬರುವವರು ಯಾರು ಹೇಳು?

ನಿನ್ನ ಒಗ್ಗರಣೆಗೆ ಹೊಗೆಯ ಅಲಾರಂ ಕೂಗಿದರೆ ಅವರು ಟವೆಲ್ ಬೀಸುತ್ತ, "ಛಾಯಾನ ಅಡಿಗಿ ಆತು, ಎಲ್ಲಾರೂ ಊಟಕ್ಕ ಏಳ್ರಿ" ಅನ್ನುತ್ತಿದ್ದರು. ಬ್ಲೂಬೆರ್ರಿ ಉಪ್ಪಿನಕಾಯಿ ನೆನಪಿದೆಯೇ? ನೀನು ಹಾಕಿದೆ, ನಾವು ತಿಂದೆವು, ಹೇಗೋ ಬದುಕಿಕೊಂಡೆವು. ಅಡುಗೆಮನೆಯ ಕಿಟಕಿ ಮುಚ್ಚುವಾಗ ಇದೆಲ್ಲ ನೆನಪಾಗಿ ಅತ್ತುಬಿಟ್ಟೆ.

ಎರಡು ವಾರದ ಹಿಂದೆ ಲೇಬರ್ ಡೇ ರಜೆಯಲ್ಲಿ ನಾವೆಲ್ಲ ಕಡೆಯ ಸಲ ಅಲ್ಲಿ ಸೇರಿದ್ದಾಗ ಮಾರ್ಥಾ ಬಂದಳಲ್ಲ, ಆಗ ನೀನು ಎಷ್ಟು ಸಂಭ್ರಮಪಟ್ಟೆ! "ಮನೆ ತಗೊಳ್ಳೋ ಮುತ್ತೈದೆ, ನೀಲಕ್ಕ, ಬರಿಗೈಲಿ ಕಳಿಸಬಾರ್ದು" ಎಂದು ಅವಳನ್ನು ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಬ್ಲೌಸ್ ಪೀಸ್, ತೆಂಗಿನಕಾಯಿ ಕೊಟ್ಟೆ. ಆಮೇಲೆ ನಿನ್ನ ಮಗಳು ದಿಯಾಗೆ, ನನ್ನ ಸೊಸೆ ಲತಾಶ್ರೀಗೆ. ನನಗೆ ಬಿಸಿಬಿಸಿ ಕಾಫಿ ತಂದುಕೊಟ್ಟೆ.

ಮಾರ್ಥಾ ಒಳ್ಳೆಯ ಹೆಂಗಸು. ಶನಿವಾರ ವರಾಂಡದಲ್ಲಿ ಕೂರಿಸಿ ಚಹಾ ಕೊಟ್ಟಳು. ನಮ್ಮದೇ ವರಾಂಡದಲ್ಲಿ ನಾನು ಅತಿಥಿ! ಆ ಬ್ಲೌಸ್ ಪೀಸಿನಿಂದ ದಿಂಬಿಗೆ ಕವರ್ ಹೊಲಿಸಬಹುದೇ ಎಂದು ಕೇಳಿದಳು. ಧಾರಾಳವಾಗಿ ಹೊಲಿಸು ಎಂದೆ.

ದಿಯಾ ಹೊಸ ಕೆಲಸದಲ್ಲಿ ನಗುನಗುತ್ತ ಬಾಳಲಿ. ಮನೋಹರ್ ಅವರ ಶುಗರ್ ಹಿಡಿತದಲ್ಲಿರಲಿ, ನಿನ್ನ ಸಾರಿನ ಬೆಲ್ಲವೂ ಹಿಡಿತದಲ್ಲಿರಲಿ. ಬಸವಣ್ಣ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ
ನೀಲಗಂಗಾ

ತಾ.ಕ.: ಮಾರ್ಥಾಳ ಗಂಡನೂ ಇಲ್ಲ, ಛಾಯಾ. ತೀರಿಕೊಂಡು ವರ್ಷಗಳೇ ಆದವಂತೆ. ಅವತ್ತು ನೀನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹಣೆತುಂಬ ಕುಂಕುಮ ಇಟ್ಟುಕೊಂಡು ಹೋದಳು. ಲತಾಶ್ರೀಗೆ ಹಚ್ಚಿದ ಮೇಲೆ ನೀನು ಬಟ್ಟಲನ್ನು ನನ್ನ ತನಕ ತಂದೆ. ತುಸು ನಿಂತು, ಹಿಂದಕ್ಕೆ ಒಯ್ದೆ. ನನ್ನ ಮುಖ ನೋಡಲಾರದೆ ನೀನು ಕಾಫಿ ತರಲು ಓಡಿದೆ, ಹಾಗಾಗಿ ಸಿಟ್ಟಿಲ್ಲ. ಆದರೆ ಮನೆ ಮಾರಿದ್ದಕ್ಕಿಂತ ಅದೇ ಹೆಚ್ಚು ನೋಯುತ್ತಿದೆ. ನವರಾತ್ರಿಗೆ ಸ್ಕೋಕಿಗೆ ಬರುತ್ತೇನೆ, ಲತಾಶ್ರೀ ಡ್ರೈವ್ ಮಾಡುತ್ತಾಳೆ. ಬಾಗಿಲಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿರು. ಕಾಫಿ ಆಮೇಲೆ.