ಅತ್ತೆಗೆ ಹೇಳಿದ ಕೊನೆಯ ಕಂತು

೧೪ ಜೂನ್ ೨೦೨೫, ಶನಿವಾರ

ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ. ಆ ಹಳೆಯ ಹಿಂದಿ ಧಾರಾವಾಹಿಯ ಕೊನೆಯ ಕಂತು ಫೋನಿನಲ್ಲಿ ಸಿಕ್ಕಿತು. ನಾಯಕಿ ಹೊಡೆಯುವ ಗಂಡನ ಮನೆಗೇ ಮರಳುತ್ತಾಳೆ.

ಅದು ಟಿವಿಯಲ್ಲಿ ಬರುತ್ತಿದ್ದಾಗ ಸಪ್ತಾಪುರದ ನಮ್ಮ ಮನೆಯಲ್ಲಿ ಸೋದರತ್ತೆ ಗೋದಾಬಾಯಿಗೆ ಅದನ್ನು ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಹಿಂದಿಯೂ ಬಾರದು. ಗಂಡನನ್ನು ಬಿಟ್ಟು ತವರಿಗೆ ಬಂದವಳು. ಕೊನೆಯ ಕಂತಿನ ದಿನ ಅವಳ ಮುಖ ನೋಡಿ ನಿಜ ಹೇಳಲಾಗಲಿಲ್ಲ.

“ಗಂಡನ ಮನಿಗೆ ಹೋಗ್ಲಿಲ್ಲ ಅತ್ಯಾ, ಸಾಲ್ಯಾಗ ಟೀಚರ್ ನೌಕರಿ ಹಿಡಿದ್ಳು,” ಎಂದೆ.

ಅತ್ತೆ ನನ್ನತ್ತ ಮುಖ ತಿರುಗಿಸಿದಳು. “ಯಾರೂ ಬೈಲಿಲ್ಲೇನು ಆಕಿಗೆ?”

“ಇಲ್ಲ.”

“ಛಲೋ ಆತು ಬಿಡು.”

ಅತ್ತೆ ಹೋಗಿ ಹನ್ನೊಂದು ವರ್ಷ. ಈಗ ಟಿವಿ ಹಚ್ಚಿದರೆ ಪಕ್ಕದಿಂದ “ಮುಂದ ಏನಾತು?” ಎಂದು ಕೇಳುವವರಿಲ್ಲ. ಅವಳು ಕೇಳುವಂತಿದ್ದರೆ ಇನ್ನೂ ಎಷ್ಟು ಸುಳ್ಳು ಬೇಕಾದರೂ ಹೇಳುತ್ತಿದ್ದೆ.