ಗೆಣಸಿನ ತಲೆ

15-11-1981, ಭಾನುವಾರ

ತಿಂದ ಗೆಣಸು ಇನ್ನೂ ಎದೆಯಲ್ಲೇ ನಿಂತಂತಿದೆ.

ಮುಳಬಾಗಿಲಲ್ಲಿ ಮೇಷ್ಟ್ರಾಗಿ ಆರು ವರ್ಷ. ರಜೆಗೆ ಹಟ್ಟಿಗೆ ಬಂದವನು ಇವತ್ತು ಕಾಳತ್ತೆಯ ಜೊತೆ ಬೆಟ್ಟ ಹತ್ತಿ ಕಾಡುಗೆಣಸು ಅಗೆದೆ. ಎದೆಯುದ್ದದ ಗುಂಡಿ. ಅಂಗೈಯಲ್ಲಿ ಬೊಕ್ಕೆ ಎದ್ದವು. ಗೆಣಸು ಕೈಗೆ ಬಂದ ಖುಷಿಯಲ್ಲಿ ಬಳ್ಳಿಯ ಸಮೇತ ಅದರ ತಲೆಯನ್ನು ಮುರಿದು ಪೊದೆಗೆ ಎಸೆದೆ. ಗುಂಡಿಯನ್ನೂ ಹಾಗೇ ಬಿಟ್ಟು ಹೊರಟೆ.

ನಮ್ಮ ಇರುಳಿಗರಲ್ಲಿ ಐದು ವರ್ಷದ ಮಗುವೂ ಹಾಗೆ ಮಾಡುವುದಿಲ್ಲ. ತಲೆಯನ್ನು ಗುಂಡಿಯಲ್ಲೇ ಇಟ್ಟು ಮಣ್ಣು ಮುಚ್ಚಿದರೆ ತಾನೇ ಅದು ಮತ್ತೆ ಚಿಗುರುವುದು!

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಳ್ಳಿನೊಳಗೆ ಕೈ ಹಾಕಿ ಹುಡುಕಿ ತಂದು, ಮಂಡಿಯೂರಿ ಕೂತು ಮುಚ್ಚಿದಳು. "ಇದು ನಿಮ್ಮಪ್ಪ ಮುಚ್ಚಿಟ್ಟು ಹೋಗಿದ್ದು ಕಣೋ" ಅಂದಳು, ಅಷ್ಟೇ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು.

ಸಂಜೆ ಹಟ್ಟಿಯವರೆಲ್ಲ ಬೆಂಕಿಯ ಸುತ್ತ ಕೂತಿದ್ದರು. ಸುಟ್ಟ ಗೆಣಸಿನ ಮೊದಲ ಹೋಳು ಯಾವಾಗಲೂ ಗುಂಡಿ ಮುಚ್ಚಿದವರಿಗೆ.

"ಯಾರು ಮುಚ್ಚಿದ್ದು?" ಎಂದು ಮಾವ ಕೇಳಿದ.

"ಇನ್ಯಾರು, ನಮ್ ಮೇಷ್ಟ್ರು! ಓದ್ಕೊಂಡ್ರೆ ಮರ್ತೋಗ್ತದಾ?" ಎಂದಳು ಅತ್ತೆ.

ಎಲ್ಲರೂ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಮೊಣಕೈವರೆಗೂ ಮುಳ್ಳು ಗೀರಿದ್ದ ಕೈಯನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಳು.

ನಾನಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಮುತ್ತುಗದ ಎಲೆಯಲ್ಲಿ ಬಿಸಿ ಹೋಳನ್ನು ಮುಂದೆ ಹಿಡಿದ.

ತೆರೆದ ಬಾಯಿಗೆ ಅದನ್ನೇ ಹಾಕಿಕೊಂಡೆ. ರುಚಿಯಾಗಿಯೂ ಇತ್ತು.